ಮರಳಿ ಬಂದ ದೇಹದ ಲೆಕ್ಕ

ಬೇಗಂಪೇಟೆಯಲ್ಲಿ, ಹಳೆಯ ವಿಮಾನ ನಿಲ್ದಾಣದ ಸಮೀಪ, ಸರ್ ರೊನಾಲ್ಡ್ ರಾಸ್ ಅವರ ಹೆಸರು ಹೊತ್ತ ಕಟ್ಟಡವೊಂದಿದೆ. ಹೈದರಾಬಾದಿನಲ್ಲಿ ನೆಲೆ ನಿಂತ ಕನ್ನಡಿಗರಾದ ನಾವು ಅದರ ಆಸುಪಾಸಿನಲ್ಲಿ ಎಷ್ಟೋ ಸಲ ಹಾದುಹೋಗಿರುತ್ತೇವೆ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರಾಸ್ ಅವರು ಸೊಳ್ಳೆಯ ಜಠರದ ಗೋಡೆಯಲ್ಲಿ ಮಲೇರಿಯಾದ ಪರೋಪಜೀವಿಯನ್ನು ಕಂಡರು. ಹುಸೇನ್ ಖಾನ್ ಎಂಬ ರೋಗಿ ಒಂದು ಸೊಳ್ಳೆಗೆ ಒಂದಾಣೆಯ ಲೆಕ್ಕದಲ್ಲಿ ತನ್ನ ಮೈಯನ್ನು ಕಚ್ಚಿಸಿಕೊಂಡಿದ್ದ. ಐದು ವರ್ಷಗಳ ಬಳಿಕ, 1902ರಲ್ಲಿ, ರಾಸ್ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಶಾಲೆಯ ಪಠ್ಯಪುಸ್ತಕದ ಮಟ್ಟಿಗೆ ಕಥೆ ಇಲ್ಲಿಗೆ ಮುಗಿಯುತ್ತದೆ.

ಪಠ್ಯಪುಸ್ತಕವು ಒತ್ತಿ ಹೇಳದ ಸಂಗತಿಯೊಂದಿದೆ. ರಾಸ್ ಅವರು ಭಾರತೀಯ ವೈದ್ಯಕೀಯ ಸೇವೆಗೆ ಸೇರಿದ್ದ ದಂಡಿನ ವೈದ್ಯರು. 1895ರಲ್ಲಿ ಅವರನ್ನು ಕಾಲರಾ ನಿಯಂತ್ರಣಕ್ಕೆಂದು ನಮ್ಮ ಬೆಂಗಳೂರಿಗೂ ಕಳುಹಿಸಲಾಗಿತ್ತು. ಸಿಕಂದರಾಬಾದು ಹುಟ್ಟಿದ್ದೇ ದಂಡಿನ ಊರಾಗಿ. ಇಂಗ್ಲಿಷ್ ಕಂಪನಿಯ ಪಡೆ ಇಲ್ಲಿ ಬೀಡುಬಿಟ್ಟು, ಮೂರನೆಯ ನಿಜಾಮ ಸಿಕಂದರ್ ಜಾ ಅವರ ಹೆಸರನ್ನು ಊರಿಗೆ ಇಟ್ಟದ್ದು 1806ರಲ್ಲಿ. ಅಂಥ ಊರಿನ ವೈದ್ಯನಿಗೆ ಜ್ವರವೆಂದರೆ ಒಬ್ಬ ರೋಗಿಯ ಬಾಧೆ ಮಾತ್ರವಲ್ಲ, ಬೆಳಗಿನ ಕವಾಯತಿಗೆ ಎಷ್ಟು ಜನ ಎದ್ದು ನಿಲ್ಲಬಲ್ಲರು ಎಂಬ ಲೆಕ್ಕವೂ ಹೌದು. ಯುದ್ಧ ನಡೆಯುವಾಗ ರೋಗವನ್ನು ಎಣಿಸಲು ಸೇನೆಗಳು ಬೇಗನೆ ಕಲಿತವು. ಯುದ್ಧ ಮುಗಿದು ಸೈನಿಕನು ಮನೆ ಸೇರಿದ ಮೇಲೆ ಅದೇ ರೋಗವನ್ನು ತಮ್ಮದೆಂದು ಒಪ್ಪಿ ಎಣಿಸುವುದಕ್ಕೆ ಬಹುಕಾಲ ಹಿಡಿಯಿತು. ಈ ಎರಡು ಎಣಿಕೆಗಳ ನಡುವಿನ ಅಂತರವೇ ಈ ಬರಹದ ವಿಷಯ.

ರಾಸ್ ಅವರ ಶೋಧಕ್ಕೆ ಇಪ್ಪತ್ತೊಂದು ವರ್ಷ ತುಂಬಿದ ಸಮಯದಲ್ಲಿ ಹೈದರಾಬಾದು ಮತ್ತು ಮೈಸೂರಿನ ರಾವುತರು ಪ್ಯಾಲೆಸ್ತೀನಿನಲ್ಲಿದ್ದರು. ನಿಜಾಮರ ಹೈದರಾಬಾದ್ ಲ್ಯಾನ್ಸರ್ಸ್, ಒಡೆಯರ ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರ ಲ್ಯಾನ್ಸರ್ಸ್ ಪಡೆಗಳು 15ನೆಯ ಇಂಪೀರಿಯಲ್ ಸರ್ವಿಸ್ ಅಶ್ವದಳದಲ್ಲಿ ಒಂದಾಗಿದ್ದವು. 1918ರ ಸೆಪ್ಟೆಂಬರ್ 23ರಂದು ಜೋಧಪುರ ಮತ್ತು ಮೈಸೂರಿನ ಕುದುರೆಸವಾರರು ಈಟಿ ಕತ್ತಿಗಳನ್ನು ಹಿಡಿದು ಹೈಫಾ ಪಟ್ಟಣವನ್ನು ಗೆದ್ದರು. ದಿಲ್ಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂರು ಪ್ರತಿಮೆಗಳು ಈ ಮೂರು ಸಂಸ್ಥಾನಗಳ ಸೈನಿಕರ ನೆನಪಿನವು. ಬೆಂಗಳೂರಿನ ಜೆ.ಸಿ. ನಗರದಲ್ಲಿಯೂ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ಹೈಫಾದ ವಿಜಯೋತ್ಸವ ಇಂದಿಗೂ ನಡೆಯುತ್ತದೆ.

ಹೈಫಾದ ನಂತರದ ವಾರಗಳನ್ನು ನೆನೆಯುವವರು ಕಡಿಮೆ. ಸೊಳ್ಳೆ ನಿಯಂತ್ರಣ ನಡೆದಿದ್ದ ತನ್ನ ಪ್ರದೇಶವನ್ನು ಬಿಟ್ಟು ಸೇನೆಯು ಶತ್ರುವಿನ ಜೌಗುನೆಲಗಳನ್ನು ದಾಟಿ ಮುನ್ನಡೆದಿತ್ತು. ಮಲೇರಿಯಾ ಮೈಯೊಳಗೆ ಹೊಕ್ಕು ಜ್ವರವಾಗಿ ಹೊರಬೀಳಲು ಸುಮಾರು ಎರಡು ವಾರ ಬೇಕು. ಆ ಅವಧಿ ಮುಗಿಯುವ ಹೊತ್ತಿಗೆ, ಅಕ್ಟೋಬರಿನ ಆರಂಭದಲ್ಲಿ, ದಮಾಸ್ಕಸ್ ಕೈವಶವಾಗಿತ್ತು. ಅಶ್ವಸೇನೆ ಸಾಲುಸಾಲಾಗಿ ಮಲಗಿತು. ಇನ್‌ಫ್ಲುಯೆಂಜಾ ಅದಕ್ಕೆ ಜೊತೆಗೂಡಿತು. ಆ ಮುನ್ನಡೆಯ ಕದನಗಳಲ್ಲಿ ಸತ್ತವರಿಗಿಂತ ಅದರ ಬೆನ್ನಿಗೇ ಬಂದ ರೋಗಗಳಿಂದ ಸತ್ತವರ ಸಂಖ್ಯೆ ದೊಡ್ಡದು. ಅಂಥ ಸ್ಥಿತಿಯಲ್ಲಿಯೂ 15ನೆಯ ದಳದ ರಾವುತರು ಉತ್ತರಕ್ಕೆ ಸಾಗಿ, ಅಕ್ಟೋಬರ್ 26ರಂದು ಅಲೆಪ್ಪೊ ಬಳಿಯ ಹರಿತಾನಿನಲ್ಲಿ ಕೊನೆಯ ಕಾಳಗ ಮಾಡಿದರು.

ಬದುಕಿ ಬಂದವರ ಮೈಯಲ್ಲಿ ಏನು ಉಳಿದಿತ್ತು? ಮಲೇರಿಯಾದ ಒಂದು ಬಗೆಯಲ್ಲಿ, ವೈವಾಕ್ಸ್ ಎಂಬುದರಲ್ಲಿ, ಪರೋಪಜೀವಿ ಯಕೃತ್ತಿನೊಳಗೆ ಅಡಗಿ ನಿದ್ರಿಸಬಲ್ಲದು. ತಿಂಗಳುಗಳ ನಂತರ, ಕೆಲವೊಮ್ಮೆ ವರ್ಷಗಳ ನಂತರ, ಹೊಸ ಸೊಳ್ಳೆ ಕಚ್ಚದಿದ್ದರೂ ಜ್ವರ ಮರುಕಳಿಸುತ್ತದೆ. ಯಕೃತ್ತಿನಲ್ಲಿ ನಿದ್ರಿಸುವ ಈ ರೂಪವನ್ನು ವಿಜ್ಞಾನವು ಖಚಿತವಾಗಿ ಗುರುತಿಸಿದ್ದು 1980ರ ದಶಕದಲ್ಲಿ. ಅಲ್ಲಿಯವರೆಗೆ, ಬಿಡುಗಡೆಯ ದಿನ ನೆಟ್ಟಗೆ ನಿಂತು ಊರಿಗೆ ಹೋದ ಸೈನಿಕನೊಬ್ಬ ಆರು ತಿಂಗಳಾದ ಮೇಲೆ ಕಂಬಳಿ ಹೊದ್ದು ನಡುಗುತ್ತಿದ್ದರೆ, ಅದು ಪ್ಯಾಲೆಸ್ತೀನಿನ ಜ್ವರವೋ ಊರ ಕೆರೆಯ ಜ್ವರವೋ ಎಂದು ಯಾವ ವೈದ್ಯನೂ ಪ್ರಮಾಣ ಮಾಡಿ ಹೇಳಲಾರ. ಕಡತದ ಪ್ರಕಾರ ಅವನ ಯುದ್ಧ ಬಿಡುಗಡೆಯ ದಿನಾಂಕಕ್ಕೆ ಮುಗಿದಿದೆ. ದೇಹವು ಆ ದಿನಾಂಕವನ್ನು ಒಪ್ಪಿಕೊಂಡಿಲ್ಲ.

ಇದೇ ಪಾಠ ಇನ್ನೊಂದು ಮಹಾಯುದ್ಧದಲ್ಲಿ ಇನ್ನೂ ದೊಡ್ಡ ಪ್ರಮಾಣದಲ್ಲಿ ಪುನರಾವರ್ತನೆಯಾಯಿತು. ಬರ್ಮಾ ರಣರಂಗದ ಸೇನಾಪತಿ ವಿಲಿಯಂ ಸ್ಲಿಮ್ ಅವರು ಬರೆದಿರುವಂತೆ, 1943ರಲ್ಲಿ ಗಾಯಗೊಂಡು ಹಿಂದಕ್ಕೆ ಸಾಗಿಸಲ್ಪಟ್ಟ ಪ್ರತಿಯೊಬ್ಬನಿಗೆ ಪ್ರತಿಯಾಗಿ ರೋಗದಿಂದ ಸಾಗಿಸಲ್ಪಟ್ಟವರು 120 ಮಂದಿ. ರೋಗಿಗಳನ್ನು ದೂರದ ಭಾರತಕ್ಕೆ ಕಳುಹಿಸುವ ಬದಲು ರಣರಂಗಕ್ಕೆ ಕೆಲವೇ ಮೈಲಿ ಹಿಂದೆ ಮಲೇರಿಯಾ ಚಿಕಿತ್ಸಾ ಘಟಕಗಳನ್ನು ತೆರೆಯಲಾಯಿತು. ಸೈನಿಕರು ಮೆಪಕ್ರೀನ್ ಎಂಬ ಹಳದಿ ಮಾತ್ರೆಯನ್ನು ತಪ್ಪದೆ ನುಂಗುವಂತೆ ನೋಡಿಕೊಳ್ಳದ ಮೂವರು ದಳಪತಿಗಳನ್ನು ಸ್ಲಿಮ್ ಹುದ್ದೆಯಿಂದಲೇ ತೆಗೆದರು. ಇದೇ ಬರ್ಮಾ ಸಮರದಲ್ಲಿ ನಮ್ಮ ಕೊಡಗಿನ ಕೆ.ಎಸ್. ತಿಮ್ಮಯ್ಯನವರು 19ನೆಯ ಹೈದರಾಬಾದ್ ರೆಜಿಮೆಂಟಿನ 8ನೆಯ ಬೆಟಾಲಿಯನ್ನನ್ನು ಮುನ್ನಡೆಸಿದ್ದರು. ಹೈದರಾಬಾದಿನ ಹೆಸರು ಹೊತ್ತ ಆ ರೆಜಿಮೆಂಟು 1945ರಲ್ಲಿ ಕುಮಾವೂನ್ ರೆಜಿಮೆಂಟ್ ಎಂದಾಯಿತು. ಯುದ್ಧ ನಡೆಯುತ್ತಿದ್ದಾಗ ಒಂದು ಮಾತ್ರೆ ತಪ್ಪಿದರೂ ದಳಪತಿ ಉತ್ತರ ಹೇಳಬೇಕಿತ್ತು. ಯುದ್ಧ ಮುಗಿದ ಮೇಲೆ ಅದೇ ಸೈನಿಕನ ಜ್ವರಕ್ಕೆ ಉತ್ತರ ಹೇಳುವವರು ಯಾರೆಂಬುದು ಅಷ್ಟು ಸ್ಪಷ್ಟವಾಗಿರಲಿಲ್ಲ.

ನಮ್ಮ ನಾಡಿಗೆ ಯೋಧನನ್ನು ಗೌರವಿಸುವ ಪರಂಪರೆ ಹೊಸದಲ್ಲ. ಊರೂರಿನ ವೀರಗಲ್ಲುಗಳು ಅದಕ್ಕೆ ಸಾಕ್ಷಿ. ಸತ್ತ ವೀರನ ಮನೆಯವರಿಗೆ ಕೊಟ್ಟ ಭೂಮಿಗೆ ನೆತ್ತರುಗೊಡಗೆ ಎಂಬ ಹೆಸರಿತ್ತು. ಹತ್ತನೆಯ ಶತಮಾನದ ಆತಕೂರು ಶಾಸನದಲ್ಲಿ ಬೂತುಗನು ಮಣಲೇರನ ಪರಾಕ್ರಮವನ್ನು ಮೆಚ್ಚಿ, ಕತ್ತಿ ತೊಳೆಯುವ ಗೌರವದೊಂದಿಗೆ ಬಾಳ್ಗಚ್ಚು ದತ್ತಿಯನ್ನು ಕೊಟ್ಟ ವಿವರವಿದೆ. ಮರಣಕ್ಕೂ ಶೌರ್ಯಕ್ಕೂ ಹೀಗೆ ಭಾಷೆಯಿದೆ, ಕಲ್ಲಿದೆ, ಭೂಮಿಯ ಅಳತೆಯಿದೆ. ಕಾಳಗದಿಂದ ಬದುಕಿ ಬಂದು, ಮುಂದಿನ ಮೂವತ್ತು ವರ್ಷ ಕುಂಟುತ್ತಲೋ ಕೆಮ್ಮುತ್ತಲೋ ಬಾಳಿದವನ ಕಥೆ ಕಲ್ಲನ್ನೇರುವುದು ಅಪರೂಪ. ಇದು ಕನ್ನಡ ನಾಡೊಂದರ ಕೊರತೆಯಲ್ಲ. ಬಹುತೇಕ ಸಮಾಜಗಳ ನೆನಪು ಹೀಗೆಯೇ ಕೆಲಸ ಮಾಡುತ್ತದೆ. ಆಧುನಿಕ ರಾಜ್ಯವ್ಯವಸ್ಥೆ ಈ ಬದುಕುಳಿದವನಿಗಾಗಿ ಕಲ್ಲಿನ ಬದಲು ಕಡತವೊಂದನ್ನು ತೆರೆಯಿತು.

ಕಡತಕ್ಕಿಂತ ಮೊದಲೇ ಆರೈಕೆಯ ಕೆಲವು ಒಳ್ಳೆಯ ಆರಂಭಗಳಾಗಿದ್ದವು ಎಂಬುದನ್ನು ಹೇಳಲೇಬೇಕು. 1917ರಲ್ಲಿ ಬೊಂಬಾಯಿಯಲ್ಲಿ ಲೇಡಿ ವಿಲಿಂಗ್ಡನ್ ಅವರ ಪ್ರಯತ್ನದಿಂದ ಅಂಗವಿಕಲ ಸೈನಿಕರಿಗೆ ಕೈಕಸುಬು ಕಲಿಸುವ ಕ್ವೀನ್ ಮೇರಿ ತಾಂತ್ರಿಕ ಶಾಲೆ ಆರಂಭವಾಯಿತು. ಮುಂದೆ ಅದು ಪುಣೆಯ ಖಡ್ಕಿಯಲ್ಲಿ ನೆಲೆಗೊಂಡು ಇಂದಿಗೂ ನಡೆಯುತ್ತಿದೆ. 1919ರಲ್ಲಿ ಹುಟ್ಟಿದ ಇಂಡಿಯನ್ ಸೋಲ್ಜರ್ಸ್ ಬೋರ್ಡ್ ಇಂದಿನ ಕೇಂದ್ರೀಯ ಸೈನಿಕ ಮಂಡಳಿಯ ಮೂಲ. 1944ರಲ್ಲಿ ಪುಣೆಯಲ್ಲಿ ಕೃತಕ ಅಂಗ ಕೇಂದ್ರ ಸ್ಥಾಪನೆಯಾಯಿತು. 1971ರ ಯುದ್ಧದಲ್ಲಿ ನೆಲಬಾಂಬಿಗೆ ಕಾಲು ಕಳೆದುಕೊಂಡ ಇಯಾನ್ ಕಾರ್ಡೋಜೊ ಅವರು ಕೃತಕ ಕಾಲಿನಲ್ಲಿಯೇ ಬೆಟಾಲಿಯನ್ನನ್ನೂ ಆಮೇಲೆ ಬ್ರಿಗೇಡನ್ನೂ ಮುನ್ನಡೆಸಿದರು.

ಕೃತಕ ಕಾಲು ಒಮ್ಮೆ ಕೊಟ್ಟು ಮುಗಿಸುವ ವಸ್ತುವಲ್ಲ. ಕತ್ತರಿಸಿ ಉಳಿದ ಅಂಗದ ಭಾಗ ಕಾಲಕ್ರಮದಲ್ಲಿ ಸೊರಗುತ್ತದೆ, ಅಳತೆ ತಪ್ಪುತ್ತದೆ. ಚರ್ಮ ಉಜ್ಜಿ ಹುಣ್ಣಾಗುತ್ತದೆ. ಕೆಲವು ವರ್ಷಗಳಿಗೊಮ್ಮೆ ಹೊಸ ಅಳತೆ ತೆಗೆದು ಹೊಸ ಕಾಲು ಕೂರಿಸಬೇಕಾಗುತ್ತದೆ. ಸಿಕಂದರಾಬಾದಿನಿಂದ ವಾಡಿ, ಕಲಬುರಗಿ, ಸೊಲ್ಲಾಪುರಗಳ ಮೇಲೆ ಪುಣೆಗೆ ಹೋಗುವ ರೈಲು ನಮಗೆಲ್ಲ ಪರಿಚಿತ. ಆ ಹಾದಿಯ ಇಕ್ಕೆಲದ ಎರೆಭೂಮಿಯಲ್ಲಿ ಮಳೆಗಾಲದಲ್ಲಿ ಎರಡು ಗಟ್ಟಿ ಕಾಲಿದ್ದವರೂ ಹೆಜ್ಜೆ ಕೀಳಲು ಹೆಣಗುತ್ತಾರೆ. ಅಲ್ಲಿಯ ರೈತನ ಮನೆಯಿಂದ ಸೇನೆಗೆ ಹೋಗಿ ಒಂದು ಕಾಲಿನಲ್ಲಿ ಮರಳಿದವನಿಗೆ ಆ ರೈಲಿನ ಪ್ರಯಾಣ ಜೀವನಪೂರ್ತಿಯದು. ಆರೈಕೆ ಎಂಬುದರ ಅರ್ಧಭಾಗ ಹೀಗೆ ಮತ್ತೆ ಮತ್ತೆ ಕರೆದು ನೋಡುವುದರಲ್ಲಿದೆ.

ಮತ್ತೆ ಮತ್ತೆ ಕರೆದು ನೋಡುವ ಇನ್ನೊಂದು ಬಗೆಯೂ ಉಂಟು. ನಮ್ಮ ವಾದವೆಲ್ಲ ಈ ಎರಡನೆಯ ಬಗೆಯ ಕುರಿತು.

ಸೇನೆಯಿಂದ ಹೊರಬರುವ ಸೈನಿಕನನ್ನು ವೈದ್ಯಕೀಯ ಮಂಡಳಿ ಪರೀಕ್ಷಿಸುತ್ತದೆ. ಕಾಯಿಲೆಯಿದ್ದರೆ ಎರಡು ಪ್ರಶ್ನೆಗಳಿಗೆ ಉತ್ತರ ಬರೆಯುತ್ತದೆ. ಅಂಗವೈಕಲ್ಯ ಶೇಕಡಾ ಎಷ್ಟು ಎಂಬುದು ಒಂದು. ಅದು ಸೇನಾಸೇವೆಯಿಂದ ಉಂಟಾದುದೇ ಅಥವಾ ಸೇವೆಯಿಂದ ಉಲ್ಬಣಗೊಂಡುದೇ ಎಂಬುದು ಇನ್ನೊಂದು. 1961ರ ಸೇನಾ ಪಿಂಚಣಿ ನಿಯಮಾವಳಿಯ ಪ್ರಕಾರ ಶೇಕಡಾ 20 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವಿರಬೇಕು, ಅದು ಸೇವೆಯಿಂದ ಉಂಟಾದದ್ದೋ ಉಲ್ಬಣಗೊಂಡದ್ದೋ ಆಗಿರಬೇಕು. ಆಗ ಮಾತ್ರ ಅಂಗವೈಕಲ್ಯ ಪಿಂಚಣಿ. ಗುಂಡು ತಗುಲಿದ ಭುಜಕ್ಕೆ ಎರಡನೆಯ ಪ್ರಶ್ನೆ ಸುಲಭ. ಮೂರ್ಛೆರೋಗಕ್ಕೆ, ರಕ್ತದೊತ್ತಡಕ್ಕೆ, ನಿದ್ರೆಯಿಲ್ಲದ ರಾತ್ರಿಗಳಿಗೆ, ಕಿವಿಯೊಳಗೆ ನಿಲ್ಲದ ಸದ್ದಿಗೆ ಅದು ಸುಲಭವಲ್ಲ. ಅಂಥ ಕಡೆಗಳಲ್ಲಿ ಮಂಡಳಿಯು ಸಂಬಂಧವಿಲ್ಲ, ದೇಹಪ್ರಕೃತಿಯಿಂದ ಬಂದದ್ದು ಎಂದು ಒಂದು ಸಾಲು ಬರೆದರೆ ಬಾಗಿಲು ಮುಚ್ಚಿದಂತೆ. ಕೇಂದ್ರ ಸರ್ಕಾರದ ನೌಕರಿಯಲ್ಲಿ ಕಡತಗಳ ನಡುವೆ ವರ್ಷಗಳನ್ನು ಕಳೆದಿರುವ ನಮಗೆ ಅಂಥ ಸಾಲಿನ ತೂಕ ಗೊತ್ತು. ಬರೆಯಲು ಅರ್ಧ ನಿಮಿಷ ಸಾಕು. ಅಳಿಸಲು ಕೆಲವೊಮ್ಮೆ ಒಂದು ಆಯುಷ್ಯ ಸಾಲದು.

ಒಮ್ಮೆ ಪಿಂಚಣಿ ಸಿಕ್ಕರೂ ಕಥೆ ಮುಗಿಯುತ್ತಿರಲಿಲ್ಲ. ಕೆಲವು ವರ್ಷಗಳಿಗೊಮ್ಮೆ ಮರುಪರೀಕ್ಷಾ ಮಂಡಳಿಯ ಮುಂದೆ ಹಾಜರಾಗಬೇಕಿತ್ತು. ಶೇಕಡಾ 30 ಇದ್ದದ್ದು 20 ಆಗಬಹುದಿತ್ತು. 20ಕ್ಕಿಂತ ಕೆಳಗಿಳಿದರೆ ಹಣ ನಿಲ್ಲುತ್ತಿತ್ತು. ಕೃತಕ ಅಂಗ ಕೇಂದ್ರಕ್ಕೆ ಹೋಗುವ ಸೈನಿಕನನ್ನು ಕೇಳುತ್ತಿದ್ದ ಪ್ರಶ್ನೆ, ಎಲ್ಲಿ ನೋಯುತ್ತಿದೆ ಎಂಬುದು. ಮರುಪರೀಕ್ಷಾ ಮಂಡಳಿಯ ಮುಂದೆ ನಿಂತವನ ಎದುರಿಗಿದ್ದ ಪ್ರಶ್ನೆ, ಇನ್ನೂ ನೋಯುತ್ತಿದೆಯೇ ಎಂಬುದು. ವ್ಯತ್ಯಾಸ ಒಂದೆರಡು ಪದಗಳದು. ಮೊದಲನೆಯದರಲ್ಲಿ ವಾಸಿಯಾದರೆ ಸೈನಿಕನಿಗೆ ಲಾಭ, ಎರಡನೆಯದರಲ್ಲಿ ವಾಸಿಯಾದರೆ ಅವನಿಗೆ ನಷ್ಟ. ಆರೈಕೆಯಾಗಿ ಬೆಳೆಯಬೇಕಿದ್ದ ಮರುಪರೀಕ್ಷೆ ಹೀಗೆ ತನಿಖೆಯ ರೂಪ ತಾಳಿತು. ಚೇತರಿಸಿಕೊಂಡೆ ಎಂದು ಸಂತೋಷದಿಂದ ಹೇಳಲಾಗದ ಸ್ಥಿತಿಗೆ ರೋಗಿಯನ್ನು ತಳ್ಳುವ ವ್ಯವಸ್ಥೆಯಲ್ಲಿ ವೈದ್ಯನಿಗೂ ಸತ್ಯ ತಿಳಿಯುವುದಿಲ್ಲ. 2001ರ ಫೆಬ್ರವರಿಯಲ್ಲಿ ರಕ್ಷಣಾ ಸಚಿವಾಲಯವು, ಶಾಶ್ವತವಲ್ಲದ ವೈಕಲ್ಯಗಳನ್ನು ಹೊರತುಪಡಿಸಿ ಉಳಿದವಕ್ಕೆ ಈ ನಿಯತಕಾಲಿಕ ಮರುಪರೀಕ್ಷೆ ಬೇಡ ಎಂದು ಆದೇಶಿಸಿತು. ಸದ್ದಿಲ್ಲದೆ ಬಂದ ಈ ಆದೇಶ ಎಷ್ಟೋ ಮನೆಗಳ ನಿದ್ರೆಯನ್ನು ಉಳಿಸಿರಬೇಕು.

ಎರಡನೆಯ ಪ್ರಶ್ನೆ, ಕಾರಣದ ಪ್ರಶ್ನೆ, ಉಳಿದೇ ಇತ್ತು. ಅದನ್ನು ರುಜುವಾತುಪಡಿಸುವ ಭಾರ ಯಾರದು? ಬ್ರಿಟನ್ನಿನಲ್ಲಿ ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಆ ಭಾರವನ್ನು ಸೈನಿಕನ ಹೆಗಲಿನಿಂದ ಇಳಿಸಿ ಸರ್ಕಾರದ ಮೇಲೆ ಹೊರಿಸಲಾಯಿತು. ನಮ್ಮಲ್ಲಿಯೂ 1982ರ ಅರ್ಹತಾ ನಿಯಮಗಳು ಇದೇ ಉದಾರ ನಿಲುವನ್ನು ತಳೆದಿದ್ದವು. ಸೇರ್ಪಡೆಯ ದಿನ ಸೈನಿಕನು ಆರೋಗ್ಯವಂತನಾಗಿದ್ದ ಎಂದು ಭಾವಿಸಬೇಕು. ಅವನಿಂದ ರುಜುವಾತು ಕೇಳಬಾರದು. ಸಮಂಜಸವಾದ ಸಂದೇಹವಿದ್ದರೆ ಅದರ ಲಾಭ ಅವನಿಗೇ ಸಲ್ಲಬೇಕು. ನಿಯಮ ಹೀಗಿದ್ದರೂ ಆಚರಣೆ ಹಾಗಿರಲಿಲ್ಲ ಎಂಬುದನ್ನು ನ್ಯಾಯಾಲಯಗಳ ಮೆಟ್ಟಿಲೇರಿದ ಪ್ರಕರಣಗಳು ಹೇಳುತ್ತವೆ.

ಅವುಗಳಲ್ಲಿ ಪ್ರಸಿದ್ಧವಾದದ್ದು ಧರ್ಮವೀರ್ ಸಿಂಗ್ ಪ್ರಕರಣ. 1985ರಲ್ಲಿ ಸಿಗ್ನಲ್ಸ್ ದಳಕ್ಕೆ ಸಿಪಾಯಿಯಾಗಿ ಸೇರಿದ ಅವರನ್ನು ಸುಮಾರು ಒಂಬತ್ತು ವರ್ಷಗಳ ಸೇವೆಯ ಬಳಿಕ, ಮೂರ್ಛೆರೋಗದ ಕಾರಣ ಶೇಕಡಾ 20ರ ವೈಕಲ್ಯ ನಮೂದಿಸಿ ಹೊರಕಳುಹಿಸಲಾಯಿತು. ರೋಗಕ್ಕೂ ಸೇವೆಗೂ ಸಂಬಂಧವಿಲ್ಲ ಎಂಬ ಷರಾ ಪಿಂಚಣಿಯನ್ನು ತಪ್ಪಿಸಿತು. 2013ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯ ಸೈನಿಕನ ಪರವಾಗಿ ತೀರ್ಪಿತ್ತಿತು. ಸೇರ್ಪಡೆಯ ವೇಳೆ ದಾಖಲೆಯಲ್ಲಿ ರೋಗದ ಉಲ್ಲೇಖವಿಲ್ಲದಿದ್ದರೆ ಅದು ಸೇವೆಯಲ್ಲಿ ಬಂದದ್ದೆಂದೇ ತಿಳಿಯಬೇಕು, ಅಲ್ಲವೆನ್ನುವ ಮಂಡಳಿ ಕಾರಣಗಳನ್ನು ಬರೆಯಬೇಕು ಎಂಬುದು ತೀರ್ಪಿನ ಸಾರ. ಕಾರಣ ಬರೆಯಬೇಕು ಎಂಬ ಈ ಪುಟ್ಟ ಷರತ್ತು ನಮಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಮರುವರ್ಷ ರಾಮ್ ಅವತಾರ್ ಪ್ರಕರಣದಲ್ಲಿ ಅದೇ ನ್ಯಾಯಾಲಯವು, ಶೇಕಡಾವಾರನ್ನು 50, 75, 100 ಎಂಬ ಮೇಲಿನ ಹಂತಗಳಿಗೆ ಏರಿಸಿ ಎಣಿಸುವ ಸೌಲಭ್ಯ ಅವಧಿ ಮುಗಿಸಿ ನಿವೃತ್ತರಾದವರಿಗೂ ಸಲ್ಲುತ್ತದೆ ಎಂದಿತು. 2007ರ ಕಾಯಿದೆಯಂತೆ ರಚಿತವಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ದಕ್ಷಿಣದಲ್ಲಿ ಚೆನ್ನೈ ಮತ್ತು ಕೊಚ್ಚಿಗಳಲ್ಲಿ ಪೀಠಗಳಿವೆ. ಇಂಥ ತಕರಾರುಗಳು ಈಗ ಮೊದಲು ಅಲ್ಲಿಗೆ ಹೋಗುತ್ತವೆ.

ಪಿಂಚಣಿ ಒಂದು ಕೈಯಾದರೆ ಚಿಕಿತ್ಸೆ ಇನ್ನೊಂದು ಕೈ. 2003ರ ಏಪ್ರಿಲ್ 1ರಂದು ಆರಂಭವಾದ ಮಾಜಿ ಸೈನಿಕರ ಅಂಶದಾಯಿ ಆರೋಗ್ಯ ಯೋಜನೆ, ಎಲ್ಲರ ಬಾಯಲ್ಲಿ ಇಸಿಎಚ್‌ಎಸ್, ಈ ದಿಕ್ಕಿನ ದೊಡ್ಡ ಹೆಜ್ಜೆ. ಅದಕ್ಕೆ ಮುನ್ನ ಪಿಂಚಣಿದಾರ ಸೈನಿಕನಿಗೆ ಸೇನಾ ಆಸ್ಪತ್ರೆಯೇ ಮುಖ್ಯ ಆಸರೆ. ತಿರುಮಲಗಿರಿಯ ಸೇನಾ ಆಸ್ಪತ್ರೆಯ ಸಮೀಪ, ಸೈನಿಕಪುರಿಯಲ್ಲೋ ಬೊಲಾರಂನಲ್ಲೋ ಮನೆ ಮಾಡಿದವರಿಗೆ ಅದು ಕಷ್ಟವಾಗಿರಲಿಕ್ಕಿಲ್ಲ. ದಂಡಿಲ್ಲದ ಜಿಲ್ಲೆಗಳಿಗೆ ಮರಳಿದವರಿಗೆ ಆಸ್ಪತ್ರೆಯೇ ಒಂದು ಯಾತ್ರೆ. ಪಾಲಿಕ್ಲಿನಿಕ್ಕುಗಳೂ ನೋಂದಾಯಿತ ಖಾಸಗಿ ಆಸ್ಪತ್ರೆಗಳೂ ಆ ದೂರವನ್ನು ತಗ್ಗಿಸಿವೆ. ಬೆಂಗಳೂರು, ಮೈಸೂರು, ಬೆಳಗಾವಿ, ಮಡಿಕೇರಿಗಳಲ್ಲಿ ಇಂದು ಪಾಲಿಕ್ಲಿನಿಕ್ಕುಗಳಿವೆ. ಇಲ್ಲಿ ಮರುಪರೀಕ್ಷೆಗೆ ಹೋಗುವವನಿಗೆ ಶೇಕಡಾವಾರು ಇಳಿಯುವ ಭಯವಿಲ್ಲ. ಔಷಧಿ ಸಿಕ್ಕರೆ ಸಾಕು.

ಮನಸ್ಸಿನ ಗಾಯದ ಮಟ್ಟಿಗೆ ಮಾತ್ರ ನಾವಿನ್ನೂ ಹಾದಿಯ ಆರಂಭದಲ್ಲಿದ್ದೇವೆ. ಸೈನಿಕನ ಆರೋಗ್ಯವನ್ನು ಅಳೆಯಲು ನಮ್ಮ ಸೇನೆ ಬಳಸುವ ‘ಶೇಪ್’ ಎಂಬ ಐದಕ್ಷರಗಳ ಪದ್ಧತಿಯಲ್ಲಿ ಮೊದಲ ಅಕ್ಷರ ಮನಸ್ಸಿನದು. ಕಿವಿ, ಕೈಕಾಲು, ದೇಹಶಕ್ತಿ, ಕಣ್ಣುಗಳು ಅದರ ನಂತರ. ಸೇವೆಯಲ್ಲಿರುವವರೆಗೆ ಮನಸ್ಸಿಗೆ ಮೊದಲ ಸ್ಥಾನವಿದೆ. ನಿವೃತ್ತನಾಗಿ ಊರು ಸೇರಿದ ಮೇಲೆ ಅವನ ಮೌನವನ್ನು ಮುಂಗೋಪವೆಂದೋ ಕುಡಿತವೆಂದೋ ಮನೆಯವರು ಓದಿಕೊಳ್ಳುತ್ತಾರೆ. ಆಘಾತೋತ್ತರ ಒತ್ತಡ ಎಂಬ ರೋಗಕ್ಕೆ ಅಮೆರಿಕದ ಮನೋವೈದ್ಯರು ತಮ್ಮ ಅಧಿಕೃತ ಪಟ್ಟಿಯಲ್ಲಿ ಜಾಗ ಕೊಟ್ಟದ್ದೇ 1980ರಲ್ಲಿ, ವಿಯೆಟ್ನಾಂ ಯುದ್ಧ ಮುಗಿದು ಐದು ವರ್ಷವಾದ ಮೇಲೆ. ಮಲೇರಿಯಾದಂತೆ ಇದೂ ಒಳಗೆ ಅಡಗಿದ್ದು ಮರುಕಳಿಸಬಲ್ಲ ಬಾಧೆ.

ಸರ್ಕಾರದ ಪಕ್ಷವನ್ನೂ ಕೇಳದೆ ಮುಗಿಸುವುದು ನ್ಯಾಯವಲ್ಲ. ವಯಸ್ಸಾದಂತೆ ಯಾರಿಗಾದರೂ ಬರಬಹುದಾದ ರಕ್ತದೊತ್ತಡ, ಮಧುಮೇಹಗಳಿಗೂ ಅಂಗವೈಕಲ್ಯ ಪಿಂಚಣಿ ಸಲ್ಲುತ್ತಿದೆ, ನಿಜವಾಗಿ ಗಾಯಗೊಂಡವರ ಗೌರವಕ್ಕೆ ಇದರಿಂದ ಕುಂದು ಎಂಬ ವಾದವಿದೆ. 2023ರ ಸೆಪ್ಟೆಂಬರ್ 21ರಿಂದ ಜಾರಿಗೆ ಬಂದ ಹೊಸ ಅರ್ಹತಾ ನಿಯಮಗಳ ಹಿಂದೆ ಈ ವಾದ ಕೆಲಸ ಮಾಡಿದೆ. ಅವುಗಳ ಪ್ರಕಾರ, ಕಾಯಿಲೆಯಿದ್ದೂ ಸೇವಾವಧಿ ಪೂರೈಸಿ ನಿವೃತ್ತರಾಗುವವರಿಗೆ ಸಿಗುವ ಮೊತ್ತದ ಹೆಸರು ‘ಇಂಪೇರ್‌ಮೆಂಟ್ ರಿಲೀಫ್’. ಮಾಜಿ ಸೈನಿಕರ ಸಂಘಟನೆಗಳು ಇದನ್ನು ವಿರೋಧಿಸಿವೆ. ಸಾರ್ವಜನಿಕ ಹಣಕ್ಕೆ ಲೆಕ್ಕ ಬೇಕು ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಸುಳ್ಳು ಬೇಡಿಕೆಗಳನ್ನು ತಡೆಯಲು ಕಾರಣ ಬರೆದ, ಪ್ರಶ್ನಿಸಬಹುದಾದ ವರದಿಯೇ ಒಳ್ಳೆಯ ಸಾಧನ. ಹಿಮಗಡ್ಡೆಯ ಎತ್ತರದಲ್ಲಿ ವರ್ಷಗಟ್ಟಲೆ ಕಾವಲು ನಿಂತವನ ರಕ್ತದೊತ್ತಡವನ್ನೂ ಕಚೇರಿಯಲ್ಲಿ ಕುಳಿತ ನಮ್ಮಂಥವರ ರಕ್ತದೊತ್ತಡವನ್ನೂ ಒಂದೇ ಸಾಲಿನಲ್ಲಿ ತೀರ್ಮಾನಿಸುವುದು ಯಾವ ಲೆಕ್ಕಪತ್ರಕ್ಕೂ ಶೋಭೆಯಲ್ಲ.

ಹೊರನಾಡಿನಲ್ಲಿರುವ ನಮಗೆ ಇದರಲ್ಲಿ ಮಾಡಲು ಒಂದು ಸಣ್ಣ ಕೆಲಸವಿದೆ. ಸಿಕಂದರಾಬಾದಿನ ದಂಡಿನಲ್ಲಿ ಸೇವೆ ಸಲ್ಲಿಸಿ ಇಲ್ಲಿಯೇ ನೆಲೆಸಿದ ಕನ್ನಡ ಕುಟುಂಬಗಳು ನಮ್ಮ ನೆರೆಯಲ್ಲಿವೆ. ವಯಸ್ಸಾದ ಯೋಧರು ತಮ್ಮ ಬಿಡುಗಡೆಯ ವೈದ್ಯಕೀಯ ಮಂಡಳಿಯ ಕಾಗದಗಳನ್ನು ಟ್ರಂಕಿನ ತಳದಲ್ಲಿ ಇಟ್ಟಿರುತ್ತಾರೆ. ಅದರಲ್ಲಿ ಏನು ಬರೆದಿದೆಯೆಂದು ಮಕ್ಕಳು ಓದಿರುವುದಿಲ್ಲ. ಅದನ್ನು ಹೊರತೆಗೆದು ಮೂರು ಸಂಗತಿಗಳನ್ನು ನೋಡಬಹುದು: ಶೇಕಡಾವಾರು ಎಷ್ಟಿದೆ, ಸೇವೆಗೆ ಸಂಬಂಧವಿಲ್ಲ ಎಂದಿದ್ದರೆ ಕಾರಣ ಕೊಟ್ಟಿದ್ದಾರೆಯೇ, ಸೇರ್ಪಡೆಯ ದಿನದ ದಾಖಲೆಯಲ್ಲಿ ಆ ರೋಗದ ಉಲ್ಲೇಖವಿತ್ತೇ. ಅನ್ವಯಿಸುವ ನಿಯಮ ಅವರು ನಿವೃತ್ತರಾದ ವರ್ಷವನ್ನು ಅವಲಂಬಿಸಿರುವುದರಿಂದ ಆ ದಿನಾಂಕವನ್ನೂ ಗುರುತು ಹಾಕಿಕೊಳ್ಳಬೇಕು. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿ ಈ ಕಾಗದಗಳನ್ನು ಮುಂದಕ್ಕೆ ಒಯ್ಯಲು ನೆರವಾಗುತ್ತದೆ. ಹಿಂದಿ ಇಂಗ್ಲಿಷುಗಳ ಕಚೇರಿ ಭಾಷೆ ಬಾರದ ಹಿರಿಯರ, ಅವರಿಗಿಂತ ಹೆಚ್ಚಾಗಿ ಅವರ ವಿಧವೆಯರ ಪಕ್ಕದಲ್ಲಿ ಕುಳಿತು ಆ ಒಂದು ಸಾಲನ್ನು ಕನ್ನಡದಲ್ಲಿ ಓದಿ ಹೇಳುವುದು ನಮ್ಮಲ್ಲಿ ಯಾರಿಗಾದರೂ ಸಾಧ್ಯವಾದ ಕೆಲಸ.